ಉಷ್ಣ ಅಲ್ಲ ಕಣ್ರೀ, ರಕ್ತ!

ತುಂಬಾ ದಿನ ಆಯ್ತು ಇಲ್ಲಿ ಬರೆದು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಶುದ್ಧ ಸೋಮಾರಿತನ. ಇವತ್ತು ಮಾತ್ರ ಸಿಟ್ಟು ಬಂದಿದೆ. ಸಿಟ್ಟಲ್ಲಿ ಬರೆದರೆ ನನ್ನ ಕಾಗುಣಿತ ಕೈಕೊಡುತ್ತೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಇನ್ನೊಂದು ಮಾತು, ಇದು ಹೆಂಗಸರ ವಿಷಯ ಅಂತ ಗೊತ್ತಾದ ತಕ್ಷಣ ಗಂಡಸರು ಟ್ಯಾಬ್ ಮುಚ್ಚಿ ಓಡೋದು ಬೇಡ. ನಿಮ್ಮ ಮನೆ ಬಚ್ಚಲಲ್ಲೂ ಯಾರೋ ಒಬ್ಬರು ಯಾರಿಗೂ ಕಾಣದ ಹಾಗೆ ಬಟ್ಟೆ ತೊಳೀತಾ ಇರಬಹುದು.

ಹೋದ ಭಾನುವಾರ ಊರಲ್ಲಿ ಸತ್ಯನಾರಾಯಣ ಪೂಜೆ. ಊಟ ಮುಗಿದು ಗಂಡಸರೆಲ್ಲ ಜಗುಲಿ ಮೇಲೆ ಕವಳ ಹಾಕುತ್ತಾ ಅಡಿಕೆ ರೇಟಿನ ಚರ್ಚೆಯಲ್ಲಿದ್ದಾಗ ಅತ್ತಿಗೆ ನನ್ನನ್ನು ಹಿತ್ತಿಲ ಕಡೆ ಕರೆದಳು. "ನಿನ್ನ ಹತ್ರ ಒಂದು ಕೇಳಬೇಕಿತ್ತು, ಯಾರಿಗೂ ಹೇಳಬೇಡ" ಅಂದಳು. (ಈಗ ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು ಹಾಕಬೇಡ, ಊರು ಹಾಕಬೇಡ, ನಿನ್ನ ಅಣ್ಣನಿಗೆ ಲಿಂಕ್ ಕಳಿಸಬೇಡ" ಅನ್ನೋ ಮೂರು ಷರತ್ತು.) ನಾಲ್ಕು ತಿಂಗಳಿಂದ ಮುಟ್ಟು ನಿಂತು ಹತ್ತು ಹನ್ನೆರಡು ದಿನ ಆಗುವಷ್ಟರಲ್ಲಿ ಮತ್ತೆ ಸ್ವಲ್ಪ ಸ್ವಲ್ಪ ಕಾಣಿಸುತ್ತಂತೆ. ಪ್ಯಾಡ್ ಬೇಕು ಅನ್ನುವಷ್ಟೇನಿಲ್ಲ. ಒಮ್ಮೆ ಕಂದು ಕಲೆ, ಒಮ್ಮೆ ತಿಳಿ ಕೆಂಪು. ಒಂದೆರಡು ಸಲ ಅಣ್ಣನ ಜೊತೆ ಮಲಗಿದ ಮೇಲೂ ಕಂಡಿದೆ. ಅದನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ, ಬಾಳೆಗಿಡ ನೋಡುತ್ತಿದ್ದಳು. ಅವಳಿಗೆ 44 ವರ್ಷ.

ನಾನು ಬಾಯಿ ತೆರೆಯುವುದರೊಳಗೆ ಪಾತ್ರೆ ತೊಳೆಯೋಕೆ ಬಂದ ಚಿಕ್ಕಮ್ಮನ ಕಿವಿಗೆ ಅರ್ಧ ಬಿತ್ತು. "ಎಂತದೂ ಅಲ್ಲ ಮಾರಾಯ್ತಿ, ಉಷ್ಣ ಅಷ್ಟೆ. ಬಿಸಿಲಿಗೆ ತಿರುಗಿದ್ದು ಜಾಸ್ತಿ ಆಗಿದೆ ನಿಂಗೆ. ಜೀರಿಗೆ ನೆನೆಸಿದ ನೀರು ಕುಡಿ, ಎಳನೀರು ಕುಡಿ, ತಂಪಾಗ್ತದೆ" ಅಂದರು. ಅತ್ತಿಗೆಯ ಮುಖದಲ್ಲಿ ಎಂಥ ಸಮಾಧಾನ ಬಂತು ಅಂತೀರಾ! ಪರೀಕ್ಷೆ ಮುಂದೂಡಿದಾಗ ಮಕ್ಕಳ ಮುಖ ಹಾಗಾಗುತ್ತೆ. ಆ ಸಮಾಧಾನ ನೋಡಿಯೇ ನನಗೆ ಹೆದರಿಕೆ ಆಗಿದ್ದು. ಯಾಕಂದ್ರೆ ಅದೇ ಸಮಾಧಾನವನ್ನು ನಾನು ಮೊದಲೊಮ್ಮೆ ನೋಡಿದ್ದೆ, ನಮ್ಮ ದೊಡ್ಡಮ್ಮನ ಮುಖದಲ್ಲಿ.

ನನಗೆ ಎಳನೀರಿನ ಮೇಲೆ ದ್ವೇಷ ಇಲ್ಲ. ದಿನಾ ಎರಡು ಕೊಟ್ಟರೂ ಕುಡೀತೀನಿ. ಆದರೆ ಈ ಉಷ್ಣ ಅನ್ನೋ ಪದ ಇದೆಯಲ್ಲ, ಅದರಷ್ಟು ಸೋಮಾರಿ ಪದ ಕನ್ನಡದಲ್ಲಿ ಇನ್ನೊಂದಿಲ್ಲ. ಬಾಯಿಹುಣ್ಣು ಉಷ್ಣ, ಕಣ್ಣುರಿ ಉಷ್ಣ, ಮೊಡವೆ ಉಷ್ಣ, ಕೂದಲು ಉದುರಿದ್ರೆ ಉಷ್ಣ, ಉಚ್ಚೆ ಉರಿದರೆ ಉಷ್ಣ. ಬಾಯಿಹುಣ್ಣಿಗೆ ಹಾಗಂದುಕೊಂಡು ನಾಲ್ಕು ದಿನ ಮಜ್ಜಿಗೆ ಕುಡಿದರೆ ಯಾರಿಗೂ ನಷ್ಟವಿಲ್ಲ, ಹೆಂಗೂ ಅದು ತಾನಾಗೇ ಹೋಗುತ್ತೆ. ಗರ್ಭಕೋಶದಿಂದ ಹೊತ್ತಲ್ಲದ ಹೊತ್ತಿನಲ್ಲಿ ಬರುವ ರಕ್ತಕ್ಕೂ ಅದೇ ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತೀವಲ್ಲ, ನನ್ನ ಜಗಳ ಅಲ್ಲಿ.

ದೊಡ್ಡಮ್ಮನ ವಿಷಯ ಹೇಳ್ತೀನಿ. ಅವಳಿಗೆ 51ಕ್ಕೆ ಮುಟ್ಟು ನಿಂತಿತ್ತು. ಮುಟ್ಟು ನಿಂತ ಹೆಂಗಸಿಗೆ ನಮ್ಮಂಥ ಮನೆಗಳಲ್ಲಿ ಒಂದು ದೊಡ್ಡ ಬಡ್ತಿ ಸಿಗುತ್ತೆ, ಗೊತ್ತಾ? ಅಲ್ಲಿಯವರೆಗೆ ತಿಂಗಳಿಗೆ ಮೂರು ದಿನ ಹೊರಗೆ ಕೂತವಳು ಇನ್ನು ಯಾವತ್ತೂ ಹೊರಗಾಗೋದಿಲ್ಲ. ಹಬ್ಬದ ಮಡಿ ಅಡುಗೆ, ಶ್ರಾದ್ಧದ ಅಡುಗೆ, ದೇವರ ನೈವೇದ್ಯ ಎಲ್ಲಾ ಅವಳ ಕೈಗೆ ಬರುತ್ತೆ. ಮೂವತ್ತೈದು ವರ್ಷ ಕಾದು ಗಳಿಸಿದ ಅಧಿಕಾರ. 2006ರ ನವರಾತ್ರಿಯಲ್ಲಿ, ಅವಳ 56ನೇ ವಯಸ್ಸಿನಲ್ಲಿ, ಅಡುಗೆಮನೆಯಲ್ಲಿ ಮಡಿ ಸೀರೆಯಲ್ಲಿದ್ದಾಗ ಮೊದಲ ಸಲ ಕಲೆ ಕಂಡಿತಂತೆ. ಹೇಳಿದರೆ ಏನಾಗುತ್ತೆ? ಹೊರಗೆ ಹೋಗಬೇಕು. ಒಂಬತ್ತು ದಿನದ ನೈವೇದ್ಯ ಮೈಲಿಗೆ ಆಯ್ತು ಅಂತ ಊರೆಲ್ಲ ಮಾತಾಡುತ್ತೆ. ಅವಳು ಬಾಯಿ ಮುಚ್ಚಿಕೊಂಡಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಟ್ಟೆ ತೊಳೆದಳು. ಆಮೇಲೊಂದು ದಿನ ನೆರೆಮನೆಯವರ ಹತ್ತಿರ ಮೆಲ್ಲಗೆ ಕೇಳಿದಾಗ ಅವರು ಹೇಳಿದ್ದೂ ಉಷ್ಣ ಅಂತಲೇ. ಲಾವಂಚದ ನೀರು, ಜೀರಿಗೆ ಕಷಾಯ ಶುರುವಾಯ್ತು. ಒಂದೂವರೆ ವರ್ಷ! 2008ರಲ್ಲಿ ಒಂದು ದಿನ ಬಚ್ಚಲಲ್ಲಿ ತಲೆ ತಿರುಗಿ ಬಿದ್ದ ಮೇಲೆ ಬೆಂಗಳೂರಿಗೆ ಕರಕೊಂಡು ಬಂದರು. ಗರ್ಭಕೋಶದ ಒಳಪದರದ ಕ್ಯಾನ್ಸರ್, ಹೊರಗೂ ಹರಡಿತ್ತು. 2009ರಲ್ಲಿ ಹೋದಳು.

ಮುಟ್ಟು ನಿಂತ ಮೇಲೆ ರಕ್ತ ಕಂಡ ಹೆಂಗಸರಲ್ಲಿ ಹತ್ತಕ್ಕೆ ಸುಮಾರು ಒಬ್ಬರಿಗೆ ಮಾತ್ರ ಈ ಕ್ಯಾನ್ಸರ್ ಇರುತ್ತೆ. ಉಳಿದ ಒಂಬತ್ತು ಜನಕ್ಕೆ ಒಳಗಿನ ಪದರ ಒಣಗಿ ತೆಳ್ಳಗಾಗಿರುವುದೋ, ಪಾಲಿಪ್ಪೋ, ಹಾಗೇನೋ. ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ಈ ಕ್ಯಾನ್ಸರ್ ಆದ ಹೆಂಗಸರಲ್ಲಿ, ಮುಟ್ಟು ನಿಂತವರ ಪೈಕಿ, ಹತ್ತಕ್ಕೆ ಒಂಬತ್ತು ಜನಕ್ಕೆ ಮೊದಲು ಕಾಣೋದೇ ಈ ರಕ್ತ. ಇಷ್ಟು ಬೇಗ ಬಂದು ಬಾಗಿಲು ಬಡಿಯುವ ಕ್ಯಾನ್ಸರ್ ಕಡಿಮೆ. ಆಗಲೇ ಬಾಗಿಲು ತೆಗೆದರೆ ಬಹಳಷ್ಟು ಜನಕ್ಕೆ ಒಂದು ಆಪರೇಷನ್ನಿನಲ್ಲಿ ಮುಗಿಯುತ್ತೆ. ನಮ್ಮ ದೊಡ್ಡಮ್ಮನ ಬಾಗಿಲನ್ನು ಅದು ಒಂದೂವರೆ ವರ್ಷ ಬಡಿಯಿತು.

ಇದಕ್ಕೆಲ್ಲ ನಮ್ಮ ಮಾತಿನಲ್ಲೇ ಒಂದು ಕಾರಣ ಇದೆ ಅಂತ ನನಗನ್ನಿಸುತ್ತೆ. ಮುಟ್ಟಿಗೆ ನಮ್ಮಲ್ಲಿ ಎಷ್ಟು ಮಾತು! ಹೊರಗಾಗಿದಾಳೆ, ದೂರ ಕೂತಿದಾಳೆ, ಕಾಗೆ ಮುಟ್ಟಿದೆ, ರಜಾ. ಬಿಳಿ ಹೋಗೋದಕ್ಕೆ ಬಿಳಿ ಸೆರಗು ಅಂತ ಹೆಸರಿದೆ. ಎರಡು ಮುಟ್ಟಿನ ನಡುವೆ ಕಾಣುವ ನಾಲ್ಕು ಹನಿಗೆ ನಮ್ಮ ಮನೆಯಲ್ಲಿ ಹೆಸರೇ ಇರಲಿಲ್ಲ. ನಮ್ಮ ಲೆಕ್ಕದಲ್ಲಿ ಹೆಂಗಸು ಒಂದೋ ಒಳಗೆ, ಇಲ್ಲವೋ ಹೊರಗೆ. ನಾಲ್ಕು ಹನಿ ಕಂಡರೆ ಮತ್ತೆ ಮೂರು ದಿನ ಹೊರಗೆ, ಜೊತೆಗೆ "ಇವಳದ್ದೊಂದು ನಿತ್ಯದ ಗೋಳು" ಅಂತ ಅತ್ತೆಯ ಗೊಣಗಾಟ. ಅದಕ್ಕಿಂತ ಹೇಳದೇ ಇರೋದೇ ವಾಸಿ ಅಂತ ಯಾರಿಗಾದರೂ ಅನ್ನಿಸದೇ ಇರುತ್ತಾ? ವೈದ್ಯರಿಗೆ ಹೆಸರು ಗೊತ್ತಿರಲಿಲ್ಲ ಅಂತಲ್ಲ. ಋತುಕಾಲ ಬಿಟ್ಟು ಬೇರೆ ಹೊತ್ತಲ್ಲಿ ಹೋಗುವ ರಕ್ತವನ್ನೂ ಸುಶ್ರುತ ಸಂಹಿತೆ ಅಸೃಗ್ದರ ಅಂತ ಕರೆದು ಬೇರೆಯಾಗಿ ಇಟ್ಟಿದೆ. ಹನ್ನೆರಡನೇ ಶತಮಾನದ ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದಾಗ ರಜಸ್ಸೂತಕವನ್ನೂ ಸೇರಿಸಿಯೇ ತಳ್ಳಿಹಾಕಿದ್ದರು. ವೈದ್ಯರ ಮಾತೂ ಅಡುಗೆಮನೆ ತಲುಪಲಿಲ್ಲ, ಶರಣರ ಮಾತೂ ತಲುಪಲಿಲ್ಲ. 2025ರ ಅಕ್ಟೋಬರಿನಲ್ಲಿ ರಾಜ್ಯದ ಸಚಿವ ಸಂಪುಟ ವರ್ಷಕ್ಕೆ 12 ದಿನ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ಟೀವಿಯಲ್ಲಿ ಮುಟ್ಟು ಅನ್ನೋ ಪದ ಜೋರಾಗಿ ಕೇಳಿಸ್ತು, ಖುಷಿಯಾಯ್ತು. ಆ ಜಗಳದಲ್ಲೂ ಈ ನಾಲ್ಕು ಹನಿಯ ಸುದ್ದಿ ನನ್ನ ಕಿವಿಗೆ ಬೀಳಲಿಲ್ಲ.

ಹಾಗಾದರೆ ಈ ರಕ್ತ ಎಲ್ಲಿಂದ ಬರುತ್ತೆ? ನನಗೆ ಡಾಕ್ಟರು ಹೇಳಿಕೊಟ್ಟಷ್ಟನ್ನು ನನ್ನ ಮಾತಲ್ಲಿ ಹೇಳ್ತೀನಿ. ತಿಂಗಳ ಮೊದಲರ್ಧದಲ್ಲಿ ಈಸ್ಟ್ರೋಜನ್ ಅನ್ನೋ ಹಾರ್ಮೋನು ಗರ್ಭಕೋಶದ ಒಳಗೋಡೆಗೆ ಮೆತ್ತೆ ಹಾಕುತ್ತೆ. ಮಧ್ಯದಲ್ಲಿ ಅಂಡ ಬಿಡುಗಡೆ ಆಗುತ್ತೆ. ಆಮೇಲೆ ಪ್ರೊಜೆಸ್ಟರಾನ್ ಬಂದು ಆ ಮೆತ್ತೆಯನ್ನು ಹಿಡಿದು ನಿಲ್ಲಿಸುತ್ತೆ. ಬಸಿರಾಗದಿದ್ದರೆ ಎರಡೂ ಇಳಿದು ಮೆತ್ತೆ ಕಳಚಿ ಬೀಳುತ್ತೆ, ಅದೇ ಮುಟ್ಟು. ಅಂಡ ಹೊರಬರುವ ಹೊತ್ತಿಗೆ ಈಸ್ಟ್ರೋಜನ್ ಒಂದು ಕ್ಷಣ ಇಳಿಯುತ್ತಲ್ಲ, ಆಗ ಕೆಲವರಿಗೆ ಒಂದೆರಡು ಹನಿ ಕಾಣುತ್ತೆ. ಅದು ರೋಗ ಅಲ್ಲ. ದೊಡ್ಡವಳಾದ ಮೊದಲೆರಡು ವರ್ಷ, ಮತ್ತೆ ನಲವತ್ತು ದಾಟಿದ ಮೇಲೆ, ಕೆಲವು ತಿಂಗಳು ಅಂಡ ಬಿಡುಗಡೆಯೇ ಆಗೋದಿಲ್ಲ. ಆಗ ಹಿಡಿದು ನಿಲ್ಲಿಸುವವರಿಲ್ಲದೆ ಮೆತ್ತೆ ಅಲ್ಲಲ್ಲಿ ಉದುರುತ್ತೆ. ಗರ್ಭನಿರೋಧಕ ಮಾತ್ರೆ ಶುರು ಮಾಡಿದ ಮೊದಲ ಮೂರು ತಿಂಗಳು ಹೀಗಾಗೋದು ಮಾಮೂಲು, ನಡುವೆ ಮಾತ್ರೆ ಮರೆತರೂ ಆಗುತ್ತೆ. ಕಾಪರ್-ಟಿ ಹಾಕಿಸಿದ ಹೊಸದರಲ್ಲೂ ಆಗುತ್ತೆ. ಸರ್ಕಾರಿ ಆಸ್ಪತ್ರೆಗಳಲ್ಲಿ 2017ರಿಂದ ಅಂತರಾ ಅಂತ ಮೂರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಇದೆಯಲ್ಲ, ಅದನ್ನು ತಗೊಂಡವರಿಗಂತೂ ಮೊದಲ ತಿಂಗಳುಗಳಲ್ಲಿ ರಕ್ತ ಯಾವಾಗ ಬರುತ್ತೆ, ಯಾವಾಗ ಇಲ್ಲ ಹೇಳೋಕಾಗಲ್ಲ. ಇದನ್ನು ಮೊದಲೇ ಹೇಳಿ ಸೂಜಿ ಚುಚ್ಚಿದರೆ ಹೆಂಗಸರು ಹೆದರಲ್ಲ. ಹೇಳದೇ ಚುಚ್ಚಿದರೆ ಮುಂದಿನ ಸಲ ಬರೋದೇ ಇಲ್ಲ.

ಥೈರಾಯ್ಡ್ ಏರುಪೇರಾದರೂ ಕಾಣಬಹುದು, ಸೋಂಕಿದ್ದರೂ ಕಾಣಬಹುದು, ಗಡ್ಡೆ, ಪಾಲಿಪ್ ಇದ್ದರೂ ಕಾಣಬಹುದು. ಬಸಿರಾಗಿದ್ದೂ ಗೊತ್ತಾಗದೇ ಇರಬಹುದು. ಬಸಿರಿನ ಮೊದಲ ಮೂರು ತಿಂಗಳಲ್ಲಿ ನಾಲ್ವರಲ್ಲಿ ಒಬ್ಬರಿಗೆ ಸ್ವಲ್ಪ ರಕ್ತ ಕಾಣುತ್ತೆ, ಅವರಲ್ಲಿ ಬಹಳ ಜನಕ್ಕೆ ಮಗು ಚೆನ್ನಾಗೇ ಆಗುತ್ತೆ. ಆದರೆ ಭ್ರೂಣ ಗರ್ಭಕೋಶ ಬಿಟ್ಟು ನಾಳದಲ್ಲಿ ಕೂತಿದ್ದರೆ ಕತೆ ಬೇರೆ. ಬಸಿರಿನ ಸಾಧ್ಯತೆ ಇದ್ದು, ಹೊಟ್ಟೆಯ ಒಂದು ಪಕ್ಕ ಜೋರು ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು ಇದ್ದರೆ ಬೆಳಗಾಗಲಿ ಅಂತ ಕಾಯಬಾರದು, ಆ ರಾತ್ರಿಯೇ ಹೊರಡಬೇಕು. ಮತ್ತೆ ಗರ್ಭಕಂಠ. ಗಂಡನ ಜೊತೆ ಸೇರಿದ ಮೇಲೆ ಕಾಣುವ ರಕ್ತ ಬಹಳ ಸಲ ಸೋಂಕಿನದ್ದೋ, ನಿರುಪದ್ರವಿ ಹುಣ್ಣಿನಂಥದ್ದೋ ಆಗಿರುತ್ತೆ. ಗರ್ಭಕಂಠದ ಕ್ಯಾನ್ಸರಿನ ಗುರುತೂ ಅದೇ. ನೋಡದೇ ಯಾವುದು ಅಂತ ಹೇಳೋಕೆ ದೇವರಿಗೂ ಸಾಧ್ಯವಿಲ್ಲ, ಚಿಕ್ಕಮ್ಮನಿಗಂತೂ ಇಲ್ಲವೇ ಇಲ್ಲ.

ಒಂದೇ ಕಂದು ಕಲೆಗೆ ಇಷ್ಟು ಕಾರಣ. ಇದರಲ್ಲಿ ಅರ್ಧಕ್ಕೆ ಏನೂ ಮಾಡಬೇಕಾಗಿಲ್ಲ. ಕೆಲವಕ್ಕೆ ಮಾತ್ರೆ ಸಾಕು. ಒಂದೆರಡು ಮಾತ್ರ ಜೀವ ತೆಗೆಯುವಂಥವು. ಬೇರೆ ಬೇರೆ ಮಾಡಿ ನೋಡಬೇಕಾದ ಜಾಗದಲ್ಲೇ ನಾವು ಎಲ್ಲದಕ್ಕೂ ಒಂದೇ ಹೆಸರಿಟ್ಟು ಕೂತಿದ್ದೀವಿ.

ಡಾಕ್ಟರುಗಳನ್ನು ಹೊಗಳ್ತಾ ಇದೀನಿ ಅಂದುಕೊಂಡ್ರಾ? ಇರಿ, ಅವರ ಸರದಿ ಈಗ.

2018ರಲ್ಲಿ ನನಗೂ ಹೀಗೇ ಶುರುವಾಯ್ತು. ಆಗ ನನಗೆ 34. ಐದು ತಿಂಗಳು, ಪ್ರತಿ ಸಲ ಎರಡು ಮುಟ್ಟಿನ ನಡುವೆ ಮೂರು ನಾಲ್ಕು ದಿನ. ದೊಡ್ಡಮ್ಮನನ್ನು ನೋಡಿದ್ದರಿಂದ ಸುಮ್ಮನೆ ಕೂರಲಿಲ್ಲ, ಬೆಂಗಳೂರಲ್ಲಿ ಒಂದು ನರ್ಸಿಂಗ್ ಹೋಮಿಗೆ ಹೋದೆ. ಸ್ಕ್ಯಾನ್ ಮಾಡಿದರು. ಡಾಕ್ಟರು ರಿಪೋರ್ಟ್ ನೋಡಿದರು, ನನ್ನನ್ನು ನೋಡಲಿಲ್ಲ. ಯಾವಾಗಿಂದ, ಎಷ್ಟು ದಿನಕ್ಕೊಮ್ಮೆ, ಯಾವ ಬಣ್ಣ, ಒಂದೂ ಕೇಳಲಿಲ್ಲ. "ಒಳಗಡೆ ದಪ್ಪ ಇದೆ. ಮಗಳಿದ್ದಾಳಲ್ಲ, ಇನ್ನೇನು ಕೆಲಸ ಅದಕ್ಕೆ? ಗರ್ಭಕೋಶ ತೆಗೆಸಿಬಿಡಿ, ತಲೆನೋವೇ ಇರಲ್ಲ. ಇನ್ಶೂರೆನ್ಸ್ ಇದೆಯಾ?" ಒಟ್ಟು ಐದು ನಿಮಿಷ ಆಗಿರಬಹುದು. ಬೇಡದ ಹಳೇ ಫ್ರಿಜ್ ಗುಜರಿಗೆ ಹಾಕೋಕೂ ನಾವು ಇದಕ್ಕಿಂತ ಜಾಸ್ತಿ ಯೋಚನೆ ಮಾಡ್ತೀವಿ.

ಗೆಳತಿಯೊಬ್ಬಳು ಇನ್ನೊಬ್ಬರ ಹತ್ತಿರ ಕಳಿಸಿದಳು. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದ ವಯಸ್ಸಾದ ಡಾಕ್ಟರಮ್ಮ. ಅವರು ಮೊದಲು ಕೇಳಿದ್ದೇ "ತಾರೀಖು ಬರೆದಿಟ್ಟಿದ್ದೀಯೇನಮ್ಮಾ?" ಅಂತ. ಬರೆದಿದ್ದೆ! ನಮ್ಮನೆ ಅಡುಗೆಕೋಣೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಕೆಂಪು ಪೆನ್ನಿನಲ್ಲಿ ಚುಕ್ಕೆ. ಮುಟ್ಟಿಗೆ ದೊಡ್ಡ ಚುಕ್ಕೆ, ನಡುವಿನದ್ದಕ್ಕೆ ಸಣ್ಣ ಚುಕ್ಕೆ. ಫೋನಲ್ಲಿ ಫೋಟೋ ಇತ್ತು, ತೋರಿಸಿದೆ. ಐದು ತಿಂಗಳ ಚುಕ್ಕೆ ನೋಡಿ, "ಪಾಲಿಪ್ ಇರಬೇಕು, ನೋಡೋಣ" ಅಂದರು. ಬಸಿರಿನ ಟೆಸ್ಟು, ಥೈರಾಯ್ಡು, ಹಿಮೋಗ್ಲೋಬಿನ್ನು ಆಯ್ತು. ಮಂಚದ ಮೇಲೆ ಮಲಗಿಸಿ ಗರ್ಭಕಂಠವನ್ನು ಕಣ್ಣಾರೆ ನೋಡಿದರು. ಆಮೇಲೆ ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು ಕಡಲೆಕಾಳಿನಷ್ಟಿದ್ದ ಮಾಂಸದ ಕುಡಿಯನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಬೆಳಿಗ್ಗೆ ಹೋದವಳು ಸಂಜೆ ಮನೆಗೆ ಬಂದು ಚಿತ್ರಾನ್ನ ತಿಂದೆ. ರಿಪೋರ್ಟಿನಲ್ಲಿ ಏನೂ ಇರಲಿಲ್ಲ. ಆ ಗರ್ಭಕೋಶ ಇವತ್ತಿಗೂ ನನ್ನ ಹೊಟ್ಟೆಯಲ್ಲೇ ಇದೆ, ತಲೆನೋವೇನೂ ಕೊಟ್ಟಿಲ್ಲ.

ನಾನು ಬೆಂಗಳೂರಲ್ಲಿದ್ದೆ, ಇಂಟರ್ನೆಟ್ಟಿತ್ತು, ಇನ್ನೊಬ್ಬ ಡಾಕ್ಟರಿಗೆ ಫೀಸು ಕೊಡುವಷ್ಟು ದುಡ್ಡಿತ್ತು, ಬಚಾವಾದೆ. ಕಲಬುರಗಿ ಕಡೆಯ ತಾಂಡಾಗಳ ಲಂಬಾಣಿ ಹೆಂಗಸರು ಹೊಟ್ಟೆನೋವು, ಬಿಳಿ ಸೆರಗು ಅಂತ ಖಾಸಗಿ ಆಸ್ಪತ್ರೆಗೆ ಹೋಗಿ ಗರ್ಭಕೋಶ ಕಳಕೊಂಡು ಬಂದ ಸುದ್ದಿ 2015ರ ಸುಮಾರಿಗೆ ಹೊರಬಂತು. 2017ರಲ್ಲಿ ಅವರು ಬೀದಿಗಿಳಿದು ನ್ಯಾಯ ಕೇಳಿದರು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರದ್ದೂ ಅದೇ ಕತೆ. ಮುಟ್ಟಾಗಿ ಕೆಲಸ ತಪ್ಪಿದರೆ ಮೇಸ್ತ್ರಿ ದಂಡ ಹಾಕ್ತಾನೆ, ಅದಕ್ಕೆ ಗರ್ಭಕೋಶವೇ ಬೇಡ ಅನ್ನೋ ಲೆಕ್ಕ. 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಬೇಡದ ಗರ್ಭಕೋಶದ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗರ್ಭಕೋಶ ತೆಗೆಸಿಕೊಂಡ ಹೆಂಗಸರನ್ನು ಕಾರಣ ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಜನ ಹೇಳಿದ್ದು ಜಾಸ್ತಿ ರಕ್ತಸ್ರಾವ ಅಥವಾ ಮುಟ್ಟಿನ ನೋವು ಅಂತ. ಕ್ಯಾನ್ಸರ್ ಅಂದವರು ತೀರಾ ಕಡಿಮೆ. ಜೊತೆಗೆ ಅಂಡಾಶಯಗಳನ್ನೂ ತೆಗೆದುಬಿಟ್ಟರೆ ಮೂವತ್ತೈದಕ್ಕೇ ಮುಟ್ಟು ನಿಂತ ದೇಹ. ಮೂಳೆ ಸವೆಯುತ್ತೆ, ಹೃದಯದ ಕಾಯಿಲೆಯ ಅಪಾಯ ಏರುತ್ತೆ. ಇದನ್ನು ಆ ಹೆಂಗಸರಿಗೆ ಯಾರು ಕೂರಿಸಿಕೊಂಡು ಹೇಳಿದ್ದಾರೆ?

ಹಾಗಾಗಿ ನಮ್ಮ ಹೆಂಗಸರ ಮುಂದೆ ಇರೋದು ಎರಡೇ ದಾರಿ. ಊರಲ್ಲಿ ಮುಚ್ಚಿಡು, ಪೇಟೆಯಲ್ಲಿ ಕಿತ್ತುಹಾಕು. ಊರಿನ ಚಿಕ್ಕಮ್ಮನೂ ಪ್ರಶ್ನೆ ಕೇಳೋದಿಲ್ಲ, ಕೋಟು ಹಾಕಿದ ಡಾಕ್ಟರೂ ಕೇಳೋದಿಲ್ಲ. ಕೇಳಿದರೂ ಏನು ಕೇಳ್ತಾರೆ? "ಮದುವೆ ಆಗಿದೆಯಾ?" ಇದು ಎಂಥಾ ಪ್ರಶ್ನೆ ರೀ! ಅವರಿಗೆ ಬೇಕಾಗಿರೋದು ಗಂಡಸಿನ ಜೊತೆ ಮಲಗಿದ್ದೀಯಾ, ಬಸಿರಾಗಿರಬಹುದಾ ಅನ್ನೋ ಉತ್ತರ. ಅದನ್ನು ನೇರವಾಗಿ, ಜೊತೆಗೆ ಬಂದ ಅಮ್ಮನನ್ನು ಹೊರಗೆ ಕೂರಿಸಿ ಕೇಳಬೇಕು. ಮದುವೆ ಆಗಿಲ್ಲ ಅಂದ ಕೂಡಲೇ ಬಸಿರಿನ ಟೆಸ್ಟೂ ಇಲ್ಲ, ಒಳಗಿನ ಪರೀಕ್ಷೆಯೂ ಇಲ್ಲ, ಕಬ್ಬಿಣದ ಮಾತ್ರೆ ಕೊಟ್ಟು ಕಳಿಸ್ತಾರೆ. ಪಿಜಿಯಲ್ಲಿರುವ ಹುಡುಗಿ ಎಮರ್ಜೆನ್ಸಿ ಮಾತ್ರೆ ನುಂಗಿ ವಾರಕ್ಕೆ ರಕ್ತ ಕಂಡರೆ ಯಾರ ಹತ್ತಿರ ಹೋಗಿ ಹೇಳಬೇಕು?

"ಸುಮ್ಮನೆ ಹೆದರಿಸ್ತೀಯ, ಎಲ್ಲಾ ಕಲೆಗೂ ಕ್ಯಾನ್ಸರ್ ಅಂತೀಯ" ಅಂತ ನನ್ನ ಗಂಡನೇ ಇದನ್ನು ಓದಿ ಅಂದ. ನಾನು ಹಾಗಂದಿಲ್ಲ ಮಾರಾಯ, ಇನ್ನೊಂದು ಸಲ ಓದು. ಒಂದು ತಿಂಗಳು ಮಧ್ಯದಲ್ಲಿ ಎರಡು ಹನಿ ಕಂಡರೆ ಕ್ಯಾಲೆಂಡರಿನಲ್ಲಿ ಚುಕ್ಕೆ ಇಟ್ಟು ಸುಮ್ಮನಿರಬಹುದು. ಎರಡು ಮೂರು ತಿಂಗಳು ಮತ್ತೆ ಮತ್ತೆ ಬಂದರೆ ಹೋಗಬೇಕು. ಜ್ವರ, ವಾಸನೆ, ಕೆಳಹೊಟ್ಟೆ ನೋವಿದ್ದರೆ ಅಷ್ಟೂ ಕಾಯಬಾರದು. ಸೇರಿದ ಮೇಲೆ ಕಂಡರೆ ಹೋಗಬೇಕು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದೇ ಒಂದು ಹನಿ ಕಂಡರೂ ಹೋಗಬೇಕು, ಅವತ್ತು ನವರಾತ್ರಿಯೇ ಇರಲಿ, ಮಗಳ ಮದುವೆಯೇ ಇರಲಿ. ನಲವತ್ತೈದು ದಾಟಿದವರಿಗೆ ಒಳಪದರದ ಚೂರು ತೆಗೆದು ಪರೀಕ್ಷೆ ಮಾಡೋದು ಬೇಕಾ ಅಂತ ಬಾಯಿಬಿಟ್ಟು ಕೇಳಬೇಕು.

ರಕ್ತ ಕಾಣೋದಕ್ಕೂ ಮೊದಲೇ ಹಿಡಿಯುವ ದಾರಿಯೂ ಇದೆ. ಗರ್ಭಕಂಠಕ್ಕೆ ವಿನೆಗರಿನಂಥ ದ್ರಾವಣ ಹಚ್ಚಿ ಒಂದು ನಿಮಿಷ ಬಿಟ್ಟು, ಬೆಳ್ಳಗಾದ ಜಾಗ ಇದೆಯಾ ಅಂತ ನೋಡೋದು, ಅಷ್ಟೇ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಅಲ್ಲಿನ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ ಹನ್ನೆರಡು ವರ್ಷ ಗಮನಿಸಿದರು. ಈ ಪರೀಕ್ಷೆ ಮಾಡಿದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು ಶೇಕಡ 31ರಷ್ಟು ಕಡಿಮೆ ಆಗಿತ್ತು ಅಂತ 2013ರಲ್ಲಿ ವರದಿ ಕೊಟ್ಟರು. ಪರೀಕ್ಷೆ ಮಾಡಿದವರು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು, ದೊಡ್ಡ ಡಾಕ್ಟರುಗಳಲ್ಲ. ಮೂವತ್ತು ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಮಾಡಬೇಕು ಅಂತ ಸರ್ಕಾರದ ಕಾರ್ಯಕ್ರಮವೇ ಇದೆ. 2019–21ರ ಸಮೀಕ್ಷೆ ನೋಡಿದರೆ, ದೇಶದಲ್ಲಿ 30ರಿಂದ 49ರ ನಡುವಿನ ಹೆಂಗಸರಲ್ಲಿ ಯಾವತ್ತಾದರೂ ಒಮ್ಮೆ ಈ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. 2022ರ ಒಂದೇ ವರ್ಷದಲ್ಲಿ ಈ ದೇಶದಲ್ಲಿ ಗರ್ಭಕಂಠದ ಕ್ಯಾನ್ಸರಿಗೆ ಸತ್ತವರು ಸುಮಾರು 80 ಸಾವಿರ ಅಂತ ಅಂದಾಜು. ಇವರಲ್ಲಿ ಎಷ್ಟು ಜನ ಜೀರಿಗೆ ನೀರು ಕುಡಿದಿರಬಹುದು ಅಂತ ಯೋಚಿಸ್ತಾ ಕೂತರೆ ನಿದ್ದೆ ಬರಲ್ಲ. ಅಂದಹಾಗೆ, ಈ ಪರೀಕ್ಷೆ ಏನೂ ತೊಂದರೆ ಇಲ್ಲದವರಿಗೆ. ರಕ್ತ ಕಂಡವರು ಕ್ಯಾಂಪು ಬರಲಿ ಅಂತ ಕಾಯೋದಲ್ಲ, ನೇರ ಡಾಕ್ಟರ ಹತ್ತಿರ ಹೋಗೋದು.

ಮೊನ್ನೆ ರಾತ್ರಿ ಅತ್ತಿಗೆಗೆ ಫೋನ್ ಮಾಡಿದೆ. ಮೊದಲು ಬೇಡ ಅಂದಳು. ಅಡಿಕೆ ಕೊಯ್ಲು ಮುಗೀಲಿ ಅಂದಳು. ಎಳನೀರು ಕುಡಿದ ಮೇಲೆ ಸ್ವಲ್ಪ ಕಡಿಮೆ ಆದ ಹಾಗಿದೆ ಅಂದಳು. ನಾನು ದೊಡ್ಡಮ್ಮನ ಹೆಸರು ಹೇಳಿದೆ. ಆ ಕಡೆ ಸುಮಾರು ಹೊತ್ತು ಮಾತಿಲ್ಲ. ಆಮೇಲೆ "ನಿನ್ನ ಅಣ್ಣನಿಗೆ ಏನಂತ ಹೇಳ್ಲಿ?" ಅಂತ ಕೇಳಿದಳು. ಇದ್ದದ್ದು ಇದ್ದ ಹಾಗೆ ಹೇಳು, ಅವನೂ ನಿನ್ನ ಜೊತೆ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂರಲಿ ಅಂದೆ. ಅಣ್ಣನಿಗೆ ಕೊನೆಗೆ ಏನು ಹೇಳಿದಳೋ ಗೊತ್ತಿಲ್ಲ, ಇಬ್ಬರೂ ಇವತ್ತು ರಾತ್ರಿ ಬಸ್ಸಿಗೆ ಹೊರಟಿದ್ದಾರೆ. ನಾಳೆ ಹತ್ತೂವರೆಗೆ ಅದೇ ಡಾಕ್ಟರಮ್ಮನ ಹತ್ತಿರ ಅಪಾಯಿಂಟ್‌ಮೆಂಟ್. ತಾರೀಖು ಬರೆದಿಟ್ಟಿಲ್ಲ ಅಂದಳು. ಬಸ್ಸಲ್ಲಿ ಕೂತು ನೆನಪಿದ್ದಷ್ಟು ಚೀಟಿಯಲ್ಲಿ ಬರೆದುಕೊಂಡು ಬಾ ಅಂದಿದ್ದೀನಿ.